ಆರನೆಯ ಉಪನ್ಯಾಸ, ಪೊನ್ನಂಪೇಟೆ

ಬ್ಯಾನರಿನ 'ಸಂಶೋಧನೆ'ಯಲ್ಲಿ ಸೊನ್ನೆ ಬಿಟ್ಟುಹೋಗಿತ್ತು.
ಗೋಣಿಕೊಪ್ಪದ ಅಂಗಡಿಯವನು ಮತ್ತೆ ಅಚ್ಚು ಹಾಕಲು ಒಪ್ಪಲಿಲ್ಲ.
ಕೊನೆಗೆ ಅಟೆಂಡರ್ ಮೇದಪ್ಪನೇ ಕುರ್ಚಿ ಹತ್ತಿ
ಮಾರ್ಕರಿನಲ್ಲಿ ಇಟ್ಟ, ಕುಂಕುಮದ ಬೊಟ್ಟಿನಷ್ಟು ದಪ್ಪಕ್ಕೆ.

ಐದು ಗುರುವಾರ ಕಳೆದಿದ್ದವು.
ಮೊದಲು ಬಂದವರು ನೆನಪಿನ ಬಗ್ಗೆ ಮಾತಾಡಿದರು, ಯಂತ್ರದ್ದು.
ಎರಡನೆಯವರ ಸ್ಲೈಡಿನಲ್ಲಿ ಅಕ್ಷರಗಳು ಸಾಸಿವೆ.
ಆಮೇಲಿನವರು ನನಗೆ ನೆನಪಿಲ್ಲ,
ಅವರ ಟ್ಯಾಕ್ಸಿ ಬಿಲ್ಲುಗಳಿವೆ.

ಇವತ್ತು ಮೂರಕ್ಕೆ, ಮೈಸೂರಿನಿಂದ, ಡಾಕ್ಟರ್ ಶಶಿಕಲಾ ಹೂಗಾರ.
ವಿಷಯ: ಉತ್ತರ ಕೊಡದ ಯಂತ್ರ
ಸತ್ತಿದೆಯೋ, ನಿಧಾನವೋ?

'ಹುಣಸೂರು ದಾಟೇನ್ರಿ' ಅಂತ ಹನ್ನೆರಡೂ ಐವತ್ತಕ್ಕೆ ಒಂದು ಮೆಸೇಜು.
ಅಲ್ಲಿಂದಾಚೆ ನಾನು ಕಳಿಸಿದ್ದಕ್ಕೆಲ್ಲ
ಒಂಟಿ ಬೂದು ಟಿಕ್.

ಕರೆ ಮಾಡಿದರೆ ಆ ಹೆಂಗಸಿನ ದನಿ:
ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.
ಟೈರು ಪಂಕ್ಚರಾದವರಿಗೂ
ಮರ ಬಿದ್ದು ನಿಂತವರಿಗೂ
ಮನಸ್ಸು ಬದಲಿಸಿ ಮನೆಗೆ ತಿರುಗಿದವರಿಗೂ
ಅವಳದು ಅದೇ ಮಾತು, ಅದೇ ನಯ.

ಮೂರೂವರೆಗೆ ಪ್ರಾಂಶುಪಾಲರು ಇಣುಕಿದರು:
'ರದ್ದು ಅಂತ ಬರೆದುಬಿಡಿ, ಮಕ್ಕಳು ಹೋಗಲಿ.'
ಚಾಕ್ ಹಿಡಿದೆ. ರದ್ದೋ, ಮುಂದೂಡಿದ್ದೋ?
ಎರಡನ್ನೂ ಬರೆಯದೆ ಬರೀ ತಾರೀಖನ್ನು ಒರೆಸಿ
ಮತ್ತೆ ಅದೇ ತಾರೀಖು ಬರೆದೆ.

ವಿರಾಜಪೇಟೆಯ ಬಸ್ಸು ಇಪ್ಪತ್ತು ಮಂದಿಯನ್ನು ಕೊಂಡೊಯ್ದಿತು,
ಕುಟ್ಟದ್ದು ಒಂದಷ್ಟು,
ಶ್ರೀಮಂಗಲದ್ದು ಬಂದಾಗ ಹಿಂದಿನ ಸಾಲು ಪೂರ್ತಿ ಖಾಲಿ.
ಕರೆಂಟೂ ಹೋಯಿತು.
ಪ್ರೊಜೆಕ್ಟರಿನ ಫ್ಯಾನು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.
ಅರವತ್ತು ಮಂದಿಯ ಬೋಂಡಾದ ಮೇಲೆ
ಮೇದಪ್ಪ ಇವತ್ತಿನ ಪತ್ರಿಕೆ ಮುಚ್ಚಿದ.

ಐದೂ ಮೂವತ್ತೈದಕ್ಕೆ ಕೆಸರು ಮೆತ್ತಿದ ಕಾರು.
'ಆನಿ ನಿಂತಿತ್ತು ನೋಡ್ರಿ, ಆನೆಚೌಕೂರಿನ ಹಂತ್ಯಾಕ,
ನಡು ರಸ್ತೆದಾಗ, ಮರಿ ಜೋಡಿ.
ಹಾರ್ನ್ ಹೊಡಿಬ್ಯಾಡ್ರಿ ಅಂದ್ರು. ಹೊಡೀಲಿಲ್ಲ.'
ಹೇಳುತ್ತ ಹೇಳುತ್ತಲೇ ಚಾಕ್ ಹುಡುಕುತ್ತಿದ್ದರು.

ಕೇಳಲು ಮೂರೇ ಜನ: ನಾನು, ಮೇದಪ್ಪ,
ಅಣ್ಣನ ಆಟೋಗೆ ಕಾಯುತ್ತ ಕೂತಿದ್ದ ಬಾಳೆಲೆಯ ನಫೀಸತ್.
ಅವರು ಅರವತ್ತು ಮಂದಿಗೆ ಹೇಳುವ ದನಿಯಲ್ಲೇ ಶುರುಮಾಡಿದರು.
ಹಲಗೆಯಲ್ಲಿ ಎರಡು ವೃತ್ತ, ನಡುವೆ ಒಂದು ಬಾಣ.
'ಇದು ಅದನ್ನ ಕೇಳತೈತಿ, ಅದೀ ಏನು?
ಉತ್ತರ ಇಲ್ಲ. ಈಗೇನು ಮಾಡಬೇಕು?
ಸತ್ತೈತಿ ಅಂತ ಬರಕೊಂಡು ಮುಂದ ಹೋದ್ರ,
ಅದು ಎದ್ದು ಬಂದು ತನ್ನ ಹಳೇ ಲೆಕ್ಕಾನೇ ಮುಂದುವರಸತೈತಿ.
ಸತ್ತದ್ದು ತ್ರಾಸಲ್ಲ. ಎದ್ದು ಬರೂದು ತ್ರಾಸು.'

ಕಿಟಕಿಯಾಚೆ ಸಿಲ್ವರ್ ಓಕ್ ಮಸುಕಾದವು.
ಹಲಗೆ ಕತ್ತಲಾಗಿ ಆ ಎರಡು ವೃತ್ತ ಮಾತ್ರ ಉಳಿದವು.

ಫ್ಲಾಸ್ಕ್ ಹಿಡಿದೇ ಮೇದಪ್ಪ ಕೇಳಿದ:
'ಹಂಗಾದ್ರೆ ಎಷ್ಟು ಹೊತ್ತು ಕಾಯಬೇಕು ಮೇಡಂ?'
ಅವರು ಚಾಕನ್ನು ಬೆರಳಲ್ಲಿ ಹೊರಳಿಸಿದರು.
'ಎಲ್ಲಾರೂ ಒಂದು ಅಂಕಿ ಹಾಕತೀವ್ರಿ. ಎಲ್ಲಿಂದ ಬಂತು ಅಂದ್ರ, ಅಂದಾಜು.
ನೀವೆಷ್ಟು ಕಾದ್ರಿ?'
'ಕಾಫಿ ತಣಿಯೋವರೆಗೆ ಅಂದ್ಕೊಂಡಿದ್ದೆ.
ಎರಡು ಸಲ ಬಿಸಿ ಮಾಡಿದೆ.'
ಅವರು ನಗಲಿಲ್ಲ.
ಬಾಣದ ಮೇಲೆ ೨ ಎಂದು ಬರೆದರು.

ಆಟೋ ಕೂಗಿತು, ನಫೀಸತ್ ಬೋಂಡಾ ಕಟ್ಟಿಸಿಕೊಂಡು ಓಡಿದಳು.
ಭಾಗವಹಿಸಿದವರ ಕಾಲಂನಲ್ಲಿ ಮೂರು ಎಂದು ತುಂಬಿದೆ.

ಆಗ ಕರೆಂಟು ಬಂತು, ಅದರ ಹಿಂದೆಯೇ ಟವರೂ.
ಅವರ ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು.
ಎಲ್ಲಿದ್ದೀರಿ ಮೇಡಂ. ತಿತಿಮತಿ ದಾಟಿದಿರಾ.
ಮಕ್ಕಳು ಕಾಯುತ್ತಿದ್ದಾರೆ. ಬರುತ್ತೀರಾ.
ಬರುತ್ತೀರಾ.
ನನ್ನ ಏಳೂ ಮಾತು ಒಂದರ ಮೇಲೊಂದು.

ನಾನು ಎದುರಿಗೇ ನಿಂತಿದ್ದೆ.
ಅವರು ಕನ್ನಡಕ ಹಾಕಿಕೊಂಡು, ಕಾಫಿ ಬದಿಗಿಟ್ಟು,
ಮೊದಲನೆಯದರಿಂದ ಹಿಡಿದು
ಒಂದೊಂದಕ್ಕೂ ಉತ್ತರ ಬರೆಯತೊಡಗಿದರು.